ನೀವು ಕೇಳಿದ ಸ್ಟ್ಯೂ

ಶ್ರೀಮತಿಯವರಿಗೆ,

ಈ ಒಂದು ಪದವನ್ನು ಬರೆಯಲು ನನಗೆ ಹತ್ತು ನಿಮಿಷ ಹಿಡಿಯಿತು. ‘ಪ್ರೀತಿಯ’ ಎಂದು ಬರೆದರೆ ಸುಳ್ಳಾಗುತ್ತದೆ, ‘ಮಾನ್ಯ’ ಎಂದು ಬರೆದರೆ ಚುಚ್ಚಿದಂತಾಗುತ್ತದೆ. ಹತ್ತೊಂಬತ್ತು ವರ್ಷ ನನ್ನ ಹೆಸರಿನ ಹಿಂದೆ ಇದ್ದ ಪದವನ್ನು ನಿಮಗೇ ಬಿಟ್ಟುಕೊಟ್ಟಿದ್ದೇನೆ. ಮನುಷ್ಯನನ್ನೇ ಬಿಟ್ಟುಕೊಟ್ಟ ಮೇಲೆ ಪದದ ಮೇಲೇಕೆ ಲೋಭ? ಪತ್ರದುದ್ದಕ್ಕೂ ನಿಮ್ಮನ್ನು ಬಹುವಚನದಲ್ಲಿಯೇ ಕರೆಯುತ್ತೇನೆ. ಅದನ್ನು ಗೌರವವೆಂದು ಭಾವಿಸಿ ಸಂತೋಷಪಡಬೇಡಿ, ನಮ್ಮ ನಡುವೆ ಇರಬೇಕಾದ ಅಂತರವೆಂದು ತಿಳಿಯಿರಿ.

ನಿಮ್ಮ ಕಾಗದ ಎರಡು ವಾರದ ಹಿಂದೆ, ಮಂಗಳವಾರ, ನನ್ನ ಕೈ ಸೇರಿತು. ಆಸ್ಪತ್ರೆಯ ಲಾಂಡ್ರಿಯ ಚೀಟಿಯ ಹಿಂಬದಿಯಲ್ಲಿ ಕಾಗದ ಬರೆಯುವವರನ್ನು ನನ್ನ ಎಪ್ಪತ್ತೆರಡು ವರ್ಷಗಳಲ್ಲಿ ಕಂಡಿರಲಿಲ್ಲ. ಮಗುಚಿ ನೋಡಿದರೆ ‘ಹೊದಿಕೆ ನಲವತ್ತು, ದಿಂಬಿನ ಚೀಲ ಮೂವತ್ತೆಂಟು, ಎರಡು ಹರಿದಿದೆ’ ಎಂದಿತ್ತು. ನನಗೆ ಬಂದ ಕಾಗದ ಯಾವುದು, ನಿಮ್ಮ ಮೇಲಧಿಕಾರಿಗೆ ಹೋಗಬೇಕಾದದ್ದು ಯಾವುದು ಎಂದು ಕ್ಷಣಕಾಲ ಯೋಚಿಸಿದೆ. ವಿರಾಮಚಿಹ್ನೆ ಎಂಬುದೊಂದು ಲೋಕದಲ್ಲಿದೆ ಎಂಬ ಸಂಗತಿ ನಿಮ್ಮ ಗಮನಕ್ಕೆ ಬಂದಂತಿಲ್ಲ. ಅಭ್ಯಾಸಬಲದಿಂದ ನನ್ನ ಕೈ ಕೆಂಪು ಪೆನ್ನಿನತ್ತ ಹೋಯಿತು. ಮೂರನೆಯ ಸಾಲಿಗೆ ಬಂದಾಗ ಪೆನ್ನಿಗೆ ಮುಚ್ಚಳ ಹಾಕಿದೆ. ನೀವು ಬರೆದದ್ದನ್ನು, ಚಿಹ್ನೆಗಳನ್ನು ನಾನೇ ಸೇರಿಸಿ, ಇಲ್ಲಿ ನಕಲು ಮಾಡುತ್ತಿದ್ದೇನೆ. ಬರೆದದ್ದೇನೆಂದು ನಿಮಗೂ ಸ್ಪಷ್ಟವಾಗಲಿ.

‘ಟೀಚರಕ್ಕ, ತಪ್ಪು ತಿಳ್ಕೋಬೇಡಿ. ಅವರಿಗೆ ಸ್ಟ್ರೋಕ್ ಆಗಿ ಎಂಟು ವಾರ ಆಯ್ತು. ಬಲಗೈ ಬರಲ್ಲ, ಮಾತು ಒಂದೊಂದೇ ಬರುತ್ತೆ. ನುಂಗೋಕೆ ಏನೂ ತೊಂದ್ರೆ ಇಲ್ವಂತೆ, ಆದ್ರೂ ಏನು ಕೊಟ್ರೂ ಎರಡೇ ಚಮಚಕ್ಕೆ ಬಾಯಿ ಮುಚ್ಕೋತಾರೆ. ಆರು ಕೆಜಿ ಇಳಿದಿದಾರೆ. ತಿಂಗಳ ಕೊನೆಯೊಳಗೆ ತಿನ್ನದಿದ್ರೆ ಮೂಗಿನಲ್ಲಿ ಟ್ಯೂಬ್ ಹಾಕ್ತೀವಿ ಅಂತಿದಾರೆ ಡಾಕ್ಟ್ರು. ಏನು ಬೇಕು ಅಂದ್ರೆ “ಭಾನುವಾರದ್ದು, ಸ್ಟ್ಯೂ” ಅಂತಾರೆ. ಅದು ನಿಮ್ಮ ಕೈದು ಅಂತ ನಂಗೊತ್ತು. ಟೀಚರ್ ಮಾಡೋ ಚಿಕನ್ ಸ್ಟ್ಯೂ ಥರ ಯಾರಿಗೂ ಬರಲ್ಲ ಅಂತ ಮದುವೆಯಾದಾಗಿಂದ ಹೇಳ್ತಾನೇ ಇದಾರೆ. ನಾನು ಎಷ್ಟು ಥರ ಮಾಡಿದ್ರೂ ಆಗ್ಲಿಲ್ಲ. ನಂಗೆ ಭಾನುವಾರ ಒಂದೇ ರಜೆ. ಸ್ಲೋ ಕುಕ್ಕರ್ ತಗೊಂಡಿದೀನಿ, ಒಂದ್ಸಲ ಮಾಡಿಟ್ರೆ ವಾರಕ್ಕಾಗುತ್ತೆ. ಹೇಗೆ ಅಂತ ಬರೆದು ಕಳ್ಸಿ. ಆದ್ರೆ ಒಂದ್ಸಲ ಬಂದೇ ಬಿಡಿ ಅಕ್ಕ.’

ಅಕ್ಕ! ನಾವಿಬ್ಬರೂ ಒಬ್ಬ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರಲ್ಲ. ಒಬ್ಬನೇ ಗಂಡಸಿನ ಕೈಗೆ ಸಿಕ್ಕಿ ಹಾಕಿಕೊಂಡವರು. ನೀವಂತೂ ಅಕ್ಷರಶಃ ಸಿಕ್ಕಿ ಹಾಕಿಕೊಂಡವರೇ. ಆಸ್ಪತ್ರೆಯ ಸರಕು ಲಿಫ್ಟಿನಲ್ಲಿ, ಕೊಳೆ ಹೊದಿಕೆಯ ಗಾಡಿಯ ಜೊತೆ ಒಂದೂಮುಕ್ಕಾಲು ಗಂಟೆ. ಬಾಗಿಲ ಆಚೆ ನಿಂತು ಲಿಫ್ಟ್ ಮೆಕ್ಯಾನಿಕ್ ಒಬ್ಬರು ‘ಹೆದರ್ಕೋಬೇಡ್ರೀ, ನಾನಿದೀನಿ’ ಎಂದು ಮಾತಾಡಿಸುತ್ತಲೇ ಇದ್ದರಂತೆ. ಆಗ ನನ್ನ ಗಂಡನಾಗಿದ್ದ ಆ ಮೆಕ್ಯಾನಿಕ್ ಆ ದಿನ ಮನೆಗೆ ಬಂದು ನನಗೂ ಅದನ್ನು ಹೇಳಿದ್ದರು. ನಾನು ಆರನೆಯ ತರಗತಿಯ ಕಿರುಪರೀಕ್ಷೆಯ ಅಂಕ ಕೂಡುತ್ತಿದ್ದೆ. ‘ಆಮೇಲೆ ಹೇಳಿ’ ಎಂದೆ. ಆಮೇಲೆ ಹೇಳಲಿಲ್ಲ, ಒಂದು ವರ್ಷದ ನಂತರ ಪೆಟ್ಟಿಗೆ ಕಟ್ಟಿಕೊಂಡು ಹೊರಟರು. ಜನರನ್ನು ಲಿಫ್ಟಿನಿಂದ ಹೊರಗೆ ತೆಗೆಯುವುದು ಅವರ ಉದ್ಯೋಗ. ತೆಗೆದವರನ್ನೆಲ್ಲ ಮನೆ ತುಂಬಿಸಿಕೊಳ್ಳಬೇಕೆಂದು ಯಾವ ಕಂಪನಿಯೂ ಆದೇಶ ಹೊರಡಿಸಿರಲಿಲ್ಲ.

ಇರಲಿ. ನಿಮ್ಮ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ಕುಳಿತುಕೊಂಡು ಓದಿ.

ಆ ಸ್ಟ್ಯೂವನ್ನು ನಾನು ಒಂದು ದಿನವೂ ಮಾಡಿದವಳಲ್ಲ. ನನಗೆ ಅದು ಬರುತ್ತಲೇ ಇರಲಿಲ್ಲ. ಹತ್ತೊಂಬತ್ತು ವರ್ಷ, ಪ್ರತಿ ಭಾನುವಾರ, ಅದನ್ನು ಮಾಡುತ್ತಿದ್ದವರು ಅವರೇ.

ಇಪ್ಪತ್ತಾರು ವರ್ಷಗಳಿಂದ ನೀವು ನನ್ನ ಕೈರುಚಿಯ ಜೊತೆ ಸೆಣಸಿದ್ದೀರಿ. ಇಲ್ಲದ ಕೈರುಚಿಯ ಜೊತೆ! ಸೋತದ್ದೂ ಅದಕ್ಕೇ. ನಿಮ್ಮ ಕಾಗದದಲ್ಲಿ ಇದನ್ನು ಓದಿದಾಗ ನಾನು ಎಷ್ಟು ಗಟ್ಟಿಯಾಗಿ ನಕ್ಕೆನೆಂದರೆ ಒಳಗಿದ್ದ ನನ್ನ ತಂಗಿಯ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ‘ದೊಡ್ಡಮ್ಮ, ಏನಾಯ್ತು? ಬಿಪಿ ಮಾತ್ರೆ ತಗೊಂಡ್ರಾ?’ ಎಂದು ಓಡಿಬಂದಳು. ನಗುವುದಕ್ಕೂ ಮಾತ್ರೆಗೂ ಗಂಟು ಹಾಕುವ ಪೀಳಿಗೆ.

ನಮ್ಮ ಮನೆಯ ಭಾನುವಾರ ಹೇಗಿತ್ತೆಂದು ನೀವು ತಿಳಿದಿರಬೇಕು. ಊಟದ ಮೇಜಿನ ಮೇಲೆ ನನ್ನ ತೊಂಬತ್ತೆರಡು ನೋಟುಪುಸ್ತಕಗಳು. ಒಲೆಯ ಬಳಿ ಬನಿಯನ್ನಿನಲ್ಲಿ ನಿಮ್ಮ ಲಿಫ್ಟ್ ಮೆಕ್ಯಾನಿಕ್. ವಾರವಿಡೀ ಯಾವ ಹೊತ್ತಿಗೆ ಯಾವ ಕಟ್ಟಡದಿಂದ ಕರೆ ಬರುತ್ತದೋ ಹೇಳಲಾಗದ ಕೆಲಸ ಅವರದು. ನನಗೋ ಶಾಲೆ, ಅದಾದ ಮೇಲೆ ಹಿಂದುಳಿದ ಮಕ್ಕಳ ವಿಶೇಷ ತರಗತಿ. ಆದ್ದರಿಂದ ಒಂದೇ ದಿನ ದೊಡ್ಡ ಪಾತ್ರೆಯಲ್ಲಿ ಮಾಡಿ, ಆರು ಸ್ಟೀಲ್ ಡಬ್ಬಿಗಳಿಗೆ ತುಂಬಿ, ಸೋಮವಾರದಿಂದ ಶನಿವಾರದವರೆಗೆ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಡುವ ಉಪಾಯವನ್ನು ಕಂಡುಕೊಂಡಿದ್ದರು. ಈಗ ಫೋನಿನಲ್ಲಿ ಹೆಂಗಸೊಬ್ಬಳು ಕೈಗವಸು ಹಾಕಿಕೊಂಡು ಇದೇ ಕೆಲಸವನ್ನು ತಾನು ಕಂಡುಹಿಡಿದಂತೆ ಹಲ್ಲು ಬಿಟ್ಟು ತೋರಿಸುತ್ತಾಳೆ. ನಮ್ಮಲ್ಲಿ ಇದನ್ನು ಬನಿಯನ್ ಹಾಕಿದ ಮನುಷ್ಯ ನಲವತ್ತೈದು ವರ್ಷದ ಹಿಂದೆಯೇ ಮಾಡಿದ್ದ, ಹಲ್ಲು ಬಿಟ್ಟಿರಲಿಲ್ಲ.

ಸುಮ್ಮನೆ ಅಡುಗೆ ಮಾಡುವ ಜಾಯಮಾನವೂ ಅವರದಲ್ಲ. ಪ್ರತಿಯೊಂದು ಹೆಜ್ಜೆಯನ್ನೂ ನನಗೆ ವರದಿ ಮಾಡಬೇಕು. ‘ಟೀಚರಮ್ಮ, ಕೇಳಿಸ್ತಾ? ಈರುಳ್ಳಿ ಸದ್ದು ಬದಲಾಯ್ತು ನೋಡು.’ ‘ಟೀಚರಮ್ಮ, ಈ ಕೋಳಿತುಂಡು ತಳಕ್ಕೆ ಹಿಡ್ಕೊಂಡಿದೆ ಅಂತ ಎಳೀಬಾರ್ದು. ಬಿಟ್ಬಿಡ್ಬೇಕು. ಕೆಂಪಗಾದ ಮೇಲೆ ಅದೇ ಕೈ ಬಿಡುತ್ತೆ.’ ಈ ತತ್ತ್ವವನ್ನು ನನ್ನ ವಿಷಯದಲ್ಲೂ ಅನ್ವಯಿಸಿದರೋ ಏನೋ, ನಾನರಿಯೆ. ಕೊನೆಗೆ ಚಮಚ ಹಿಡಿದು ಬಾಗಿಲಿಗೆ ಬರುತ್ತಿದ್ದರು.

‘ಒಂದು ಚಮಚ ನೋಡೇ.’

ನಾನು ಪುಸ್ತಕದಿಂದ ತಲೆಯೆತ್ತದೆ, ‘ಉಪ್ಪು ಕಡಿಮೆ.’

‘ಇನ್ನೂ ಬಾಯಿಗೇ ಇಟ್ಟಿಲ್ವಲ್ಲೇ ಮಾರಾಯ್ತಿ!’

‘ಪ್ರತಿ ವಾರವೂ ಕಡಿಮೆಯೇ ಇರುತ್ತದೆ.’

ನಕ್ಕು ಒಳಗೆ ಹೋಗುತ್ತಿದ್ದರು. ಚಿಟಿಕೆ ಉಪ್ಪು ಹಾಕುತ್ತಿದ್ದರೋ, ಹಾಕಿದಂತೆ ನಟಿಸುತ್ತಿದ್ದರೋ, ನಾನು ನೋಡಿದವಳಲ್ಲ.

ಹಾಗಾದರೆ ನಿಮ್ಮ ಮನೆಗೆ ಬಂದು ಅದನ್ನು ನನ್ನ ತಲೆಗೆ ಕಟ್ಟಿದ್ದೇಕೆ? ನನಗೆ ಮೊದಲು ಹೊಳೆದ ಕಾರಣ ಶುದ್ಧ ಸೋಮಾರಿತನ. ಹೊಸ ಸಂಸಾರ, ಹೊಸ ಹೆಂಡತಿ. ‘ನನಗೆ ಒಲೆ ಹಚ್ಚಲೂ ಬರುವುದಿಲ್ಲ’ ಎಂದು ಕೈತೊಳೆದುಕೊಂಡರೆ ಮುಗಿಯಿತು. ನೀವು ಅದನ್ನು ನಂಬಿದಿರಿ. ಅವರ ಬೆರಳುಗಳನ್ನು ಒಮ್ಮೆಯಾದರೂ ಸರಿಯಾಗಿ ನೋಡಿದ್ದರೆ ನಂಬುತ್ತಿರಲಿಲ್ಲ. ಎಡಗೈ ತೋರುಬೆರಳಿನ ಗಿಣ್ಣಿನ ಮೇಲಿರುವ ಗಾಯದ ಗೆರೆ ಲಿಫ್ಟಿನದಲ್ಲ, ಕ್ಯಾರೆಟ್ಟಿನದು. ಇಪ್ಪತ್ತಾರು ವರ್ಷ ಜೊತೆಯಲ್ಲಿದ್ದು ಗಂಡನ ಕೈಯನ್ನು ಓದಲಾರದವರು ಯಾರದೋ ಕೈರುಚಿಗೆ ಕಾಗದ ಬರೆದು ಕೇಳುತ್ತೀರಿ.

ಇಷ್ಟನ್ನು ಬರೆದು, ಮಡಿಚಿ, ಲಕೋಟೆಗೆ ಹಾಕಿಬಿಡಬಹುದಿತ್ತು. ನನ್ನ ಜಾಗದಲ್ಲಿ ನೀವಿದ್ದರೆ ಹಾಗೆಯೇ ಮಾಡುತ್ತಿದ್ದಿರಿ. ಆದರೆ ಮೂವತ್ತಾರು ವರ್ಷ ಪಾಠ ಹೇಳಿದವಳು ಅರ್ಧ ಉತ್ತರ ಬರೆದು ಎದ್ದುಹೋಗುವಂತಿಲ್ಲ. ನೀವು ವಿಧಾನ ಕೇಳಿದ್ದೀರಿ. ಅವರ ವರದಿಗಳೆಲ್ಲ ನನ್ನ ಕಿವಿಯಲ್ಲಿ ಇನ್ನೂ ಇವೆ. ಅವಕ್ಕೂ ಸ್ಲೋ ಕುಕ್ಕರ್ ಎಂಬ ನಿಮ್ಮ ವಿದ್ಯುತ್ ಮಡಕೆಗೂ ತಾಳೆಯಾಗುತ್ತದೋ ಇಲ್ಲವೋ ಪರೀಕ್ಷಿಸದೆ ಬರೆಯುವುದು ಬೇಜವಾಬ್ದಾರಿ. ತಂಗಿಯ ಮಗಳ ಬಳಿ ಆ ಉಪಕರಣವಿತ್ತು, ತರಿಸಿದೆ. ಅದರ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘ಹಾಕಿ, ಮರೆತುಬಿಡಿ’ ಎಂದು ಅಚ್ಚಾಗಿದೆ. ಮರೆತುಬಿಡುವುದನ್ನು ಗುಣವೆಂದು ಜಾಹೀರಾತು ಮಾಡುವ ಕಾಲದಲ್ಲಿ ಇನ್ನೂ ಎಷ್ಟು ದಿನ ಬದುಕಿರಬೇಕೋ.

ಮೊದಲ ಸಲ ಒಲೆಯ ಪಾತ್ರೆಗೆ ಹಾಕುವಂತೆ ಕಂಠಮಟ್ಟ ನೀರು ಸುರಿದೆ. ಏಳು ಗಂಟೆಯ ನಂತರ ನೋಡಿದರೆ ನಿಮ್ಮ ಲಾಂಡ್ರಿಯಲ್ಲಿ ಚೆಲ್ಲುವ ನೀರು ಬಹುಶಃ ಅದಕ್ಕಿಂತ ಗಟ್ಟಿಯಾಗಿದ್ದೀತು. ಎರಡನೆಯ ಸಲ ಅಂಗಡಿಯವನು ಹೊಗಳಿದನೆಂದು ಮೂಳೆಯಿಲ್ಲದ ಎದೆಮಾಂಸ ಹಾಕಿದೆ. ಹಗ್ಗದ ಎಳೆಯಂತೆ ಬಿಡಿಬಿಡಿಯಾಯಿತು. ಮೇಲಾಗಿ ನಾನು ಮುಚ್ಚಳ ತೆಗೆದು ತೆಗೆದು ನೋಡುತ್ತಿದ್ದೆ. ‘ದೊಡ್ಡಮ್ಮ, ತೆಗೀಬೇಡಿ ಅಂದ್ನಲ್ಲ! ಒಂದ್ಸಲ ತೆಗೆದ್ರೆ ಅರ್ಧ ಗಂಟೆ ಕಾವು ಹೋಯ್ತು’ ಎಂದು ಆ ಹುಡುಗಿ ನನಗೇ ಗದರಿದಳು. ‘ನೋಡಬಾರದು ಅನ್ನೋಕೆ ಅದೇನು ಪ್ರಶ್ನೆಪತ್ರಿಕೆಯಾ?’ ಎಂದೆ. ‘ನೀವು ನೋಡ್ತಾ ಇದ್ರೆ ಅದು ಬೇಯಲ್ಲ, ಅಷ್ಟೇ’ ಎಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಬಾಯಿ ಜಾಸ್ತಿ.

ಮೂರನೆಯ ಸಲ ಸರಿಹೋಯಿತು. ಅದರ ಕ್ರಮವನ್ನು ಬರೆಯುತ್ತೇನೆ, ಇದನ್ನಾದರೂ ಲಾಂಡ್ರಿ ಚೀಟಿಯ ಹಿಂದೆ ಗುರುತು ಮಾಡಿಕೊಳ್ಳದೆ ಸರಿಯಾದ ಕಾಗದದಲ್ಲಿ ಇಟ್ಟುಕೊಳ್ಳಿ. ಕೋಳಿಯ ತೊಡೆಭಾಗ, ಮೂಳೆಯ ಸಮೇತ, ಒಂದೂವರೆ ಕಿಲೋ. ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಉಪ್ಪು ಕರಿಮೆಣಸು ಸವರಿ, ದಪ್ಪ ತಳದ ಬಾಣಲೆಯಲ್ಲಿ ಎರಡೂ ಮಗ್ಗುಲು ಕೆಂಪಗೆ ಮಾಡಿಕೊಳ್ಳಬೇಕು. ಇದನ್ನು ಬಿಟ್ಟು ಎಲ್ಲವನ್ನೂ ಹಸಿಯಾಗಿ ಸುರಿಯುವವರು ಆಸ್ಪತ್ರೆಯ ಗಂಜಿ ಕುಡಿಯಲು ಅರ್ಹರು. ಅದೇ ಬಾಣಲೆಯಲ್ಲಿ ಮೂರು ಈರುಳ್ಳಿ, ಆರೆಂಟು ಎಸಳು ಬೆಳ್ಳುಳ್ಳಿ; ಆಮೇಲೆ ಎರಡು ಚಮಚ ಮೈದಾ ಉದುರಿಸಿ, ಎರಡೇ ಎರಡು ಲೋಟ ನೀರು ಹಾಕಿ ತಳಕ್ಕೆ ಹತ್ತಿದ್ದನ್ನೆಲ್ಲ ಸೌಟಿನಿಂದ ಕೆರೆಯಬೇಕು. ರುಚಿಯೆಲ್ಲ ಆ ಕೆರೆದದ್ದರಲ್ಲಿದೆ ಎಂದು ಅವರು ಪ್ರತಿವಾರ ಹೇಳುತ್ತಿದ್ದರು, ಹೊಸ ಸಂಗತಿಯೆಂಬಂತೆ. ಮಡಕೆಯ ತಳದಲ್ಲಿ ಆಲೂಗಡ್ಡೆ, ಕ್ಯಾರೆಟ್. ತುಂಡುಗಳು ಬೆಂಕಿಪೊಟ್ಟಣಕ್ಕಿಂತ ಚಿಕ್ಕವಾಗಬಾರದು. ಮೇಲೆ ಕೋಳಿ, ಅದರ ಮೇಲೆ ಬಾಣಲೆಯ ರಸ. ಸಣ್ಣ ಕಾವಿನಲ್ಲಿ ಆರು ಗಂಟೆ. ಕೊನೆಯ ಅರ್ಧ ಗಂಟೆಗೆ ಬಟಾಣಿ, ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು. ಮೂಳೆಗಳನ್ನು ಒಂದೂ ಬಿಡದಂತೆ ಹೆಕ್ಕಿ, ಅವರ ಪಾಲನ್ನು ಸೌಟಿನಿಂದ ಮೆತ್ತಗೆ ಮಾಡಿ ಕೊಡಿ. ಉಳಿದದ್ದನ್ನು ಅಗಲ ಡಬ್ಬಿಗಳಲ್ಲಿ ಬೇಗ ಆರಿಸಿ ಮುಚ್ಚಿಡಿ. ಮೂರು ದಿನದ್ದು ಫ್ರಿಜ್ಜಿನಲ್ಲಿ, ಮಿಕ್ಕಿದ್ದು ಫ್ರೀಜರಿನಲ್ಲಿ. ಫ್ರೀಜರಿಗೆ ಹೋಗುವುದರಿಂದ ಆಲೂಗಡ್ಡೆ ತೆಗೆದುಬಿಡಿ, ಸ್ಪಂಜಿನಂತಾಗುತ್ತದೆ. ಆ ದಿನ ಬೇರೆ ಬೇಯಿಸಿ ಸೇರಿಸಿ.

ಇಲ್ಲಿಗೆ ವಿಧಾನ ಮುಗಿಯಿತು. ಇದನ್ನು ನೀವು ಅಚ್ಚುಕಟ್ಟಾಗಿ ಮಾಡಿ ಅವರ ಬಾಯಿಗಿಟ್ಟರೆ, ನನ್ನ ಲೆಕ್ಕದಲ್ಲಿ, ಮೂರನೆಯ ಚಮಚಕ್ಕೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ಏಕೆಂದು ಹೇಳಲೇಬೇಕು. ಮೂರನೆಯ ಮಡಕೆ ಬೇಯುತ್ತಿದ್ದ ಆ ಆರು ಗಂಟೆ ಮುಚ್ಚಳ ತೆಗೆಯುವಂತಿರಲಿಲ್ಲ, ಸುಮ್ಮನೆ ಕುಳಿತಿದ್ದೆ. ತಿದ್ದಲು ಒಂದು ಪುಸ್ತಕವೂ ಇರಲಿಲ್ಲ. ಆಗ ನೆನಪಾಯಿತು: ಈ ಸುಳ್ಳನ್ನು ಮೊದಲು ಹೇಳಿದವರು ಅವರಲ್ಲ. ಸೋಮವಾರದ ಡಬ್ಬಿ ತೆರೆದರೆ ಶಿಕ್ಷಕರ ಕೊಠಡಿಯೆಲ್ಲ ನನ್ನ ಮೇಜಿನ ಸುತ್ತ ಸೇರುತ್ತಿತ್ತು. ಗಣಿತದ ಮೇಡಂ ಒಮ್ಮೆ ರುಚಿ ನೋಡಿ, ‘ಅಬ್ಬಾ, ಇದನ್ನ ನೀವೇ ಮಾಡಿದ್ದಾ?’ ಎಂದು ಕೇಳಿದರು. ಭಾಷೆಯನ್ನು ಹೀಗೆ ಆಳುವವಳಿಗೆ ಅಡುಗೆಯೂ ಬರುತ್ತದೆಂದು ಅವರು ಬೆರಗಾಗಿದ್ದರು. ಆ ಬೆರಗು ನನಗೆ ಹಿತವೆನಿಸಿತು. ಮಾತಾಡಿದ್ದರೆ ಸುಳ್ಳಾಡಿದಂತಾಗುತ್ತಿತ್ತು, ತಲೆಯಾಡಿಸಿದೆ.

ಅದೇ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಅವರೂ ಬಂದಿದ್ದರು. ಗಣಿತದ ಮೇಡಂ ಅವರೆದುರೇ ಹೇಳಿದರು, ‘ಪುಣ್ಯವಂತರು ನೀವು, ದಿನಾ ಟೀಚರ್ ಕೈಯಡುಗೆ! ಆ ಸ್ಟ್ಯೂ ಇದೆಯಲ್ಲ, ಆಹಾ!’ ನನ್ನ ಕಿವಿ ಬಿಸಿಯಾಯಿತು. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ‘ಹೂಂ ಮೇಡಂ, ಟೀಚರ್ ಥರ ಸ್ಟ್ಯೂ ಯಾರಿಗೂ ಬರಲ್ಲ’ ಎಂದರು. ಮನೆಗೆ ಬರುವ ದಾರಿಯಲ್ಲಿ ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮುಂದಿನ ಭಾನುವಾರವೂ ಚಮಚ ಹಿಡಿದು ಬಂದರು. ಉಪ್ಪು ಕಡಿಮೆ ಎಂದೆ.

ನಿಮ್ಮ ಮನೆಯಲ್ಲಿ ಅವರು ಇಪ್ಪತ್ತಾರು ವರ್ಷ ಹೇಳುತ್ತಾ ಬಂದದ್ದು ಆ ದಿನದ ಅದೇ ವಾಕ್ಯವನ್ನು. ನನ್ನನ್ನು ಬಿಟ್ಟುಹೋದ ಮೇಲೂ ನನ್ನ ಮಾನ ಕಾಯುವ ಈ ಮೂರ್ಖತನವನ್ನು ನಾನು ಕೇಳಿರಲಿಲ್ಲ. ಕೇಳಿದ್ದರೆ ನಿಲ್ಲಿಸಿ ಎನ್ನುತ್ತಿದ್ದೆ. ಅದರಿಂದ ನೊಂದವರು ನೀವು. ನಿಮ್ಮನ್ನು ನಾನು ಮೆಚ್ಚುವುದಿಲ್ಲ, ಮೆಚ್ಚುವ ಉದ್ದೇಶವೂ ಇಲ್ಲ. ಆದರೆ ಮಾಡದ ತಪ್ಪಿಗೆ ಒಬ್ಬರನ್ನು ಇಪ್ಪತ್ತಾರು ವರ್ಷ ನಪಾಸು ಮಾಡುವುದು ಯಾವ ಶಾಲೆಯಲ್ಲೂ ಸಲ್ಲದು. ನಿಮ್ಮ ಅಡುಗೆಯಲ್ಲಿ ಕೊರತೆಯೇನೂ ಇದ್ದಿರಲಾರದು. ಇದನ್ನು ಬರೆದುಕೊಟ್ಟಿದ್ದೇನೆ, ಇಟ್ಟುಕೊಳ್ಳಿ.

ಈಗ ಅವರು ‘ಭಾನುವಾರದ್ದು’ ಎಂದು ಕೇಳುತ್ತಿದ್ದಾರೆ. ಅದು ತಿನ್ನಲು ಎಂದು ನೀವು ತಿಳಿದಿದ್ದೀರಿ. ನನಗೆ ಹಾಗೆ ತೋರುವುದಿಲ್ಲ. ಆ ಮನುಷ್ಯನಿಗೆ ತಿನ್ನುವುದರಲ್ಲಿ ಯಾವಾಗಲೂ ಅಷ್ಟಾಗಿ ಆಸಕ್ತಿಯಿರಲಿಲ್ಲ, ಭಾನುವಾರವೂ ಎರಡು ಚಮಚ ತಿಂದು ಡಬ್ಬಿ ತುಂಬಲು ಏಳುತ್ತಿದ್ದರು. ಹತ್ತು ವಾರದಿಂದ ಅವರ ಕೈಗೆ ಯಾರೂ ಏನೂ ಕೊಟ್ಟಿಲ್ಲ. ಎಲ್ಲರೂ ಬಾಯಿಗೆ ಕೊಡುತ್ತಿದ್ದೀರಿ.

ಆದ್ದರಿಂದ ಈ ಕಾಗದದ ಜೊತೆ ಒಂದು ಹಲಗೆ ಕಳುಹಿಸಿದ್ದೇನೆ. ನಮ್ಮ ಬೀದಿಯ ಬಡಗಿಯಿಂದ ಮಾಡಿಸಿದ್ದು. ನಡುವೆ ಎರಡು ಸ್ಟೀಲ್ ಮೊಳೆಗಳು ಮೇಲ್ಮುಖವಾಗಿವೆ. ಆಲೂಗಡ್ಡೆಯನ್ನು ಅದಕ್ಕೆ ಚುಚ್ಚಿ ನಿಲ್ಲಿಸಿದರೆ ಹಿಡಿಯಲು ಇನ್ನೊಂದು ಕೈ ಬೇಡ. ಬಡಗಿ ‘ಇದೇನ್ ಟೀಚರ್, ಯಾರಿಗೆ ಶಿಕ್ಷೆ?’ ಎಂದು ಕೇಳಿದ. ಕೆಳಗೆ ರಬ್ಬರ್ ಅಂಟಿಸಲು ಹೇಳಿದ್ದೆ, ಒಂದು ಮೂಲೆಯಲ್ಲಿ ಮರೆತಿದ್ದಾನೆ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಅಡುಗೆಮನೆಯ ಮೇಜಿನ ಮುಂದೆ ತನ್ನಿ. ಎಡಗೈಗೆ ಮೊದಲು ಪೀಲರ್ ಕೊಡಿ, ಚಾಕು ನಿಧಾನಕ್ಕೆ. ಮೊಳೆ ಹತ್ತಿರ ಬಂದಾಗ ಕಣ್ಣಿಡಿ. ಬಾಣಲೆಯನ್ನು ನೀವು ಹಿಡಿಯಿರಿ, ಯಾವಾಗ ಮಗುಚಬೇಕೆಂದು ಅವರು ಹೇಳಲಿ. ಒಂದೊಂದೇ ಪದ ಬಂದರೂ ಸಾಕು, ಆ ವಿಷಯದಲ್ಲಿ ಅವರ ಬಳಿ ಪದಗಳು ಬೇಕಾದಷ್ಟಿವೆ. ಇಡೀ ಭಾನುವಾರ ಹೋದರೆ ಹೋಗಲಿ. ಆಲೂಗಡ್ಡೆ ಅಂಕುಡೊಂಕಾದರೆ ಆಗಲಿ. ನೀವು ಅವರ ಕೈಯಿಂದ ಕಿತ್ತುಕೊಂಡು ‘ಬಿಡಿ ನಾನು ಮಾಡ್ತೀನಿ’ ಎಂದರೆ ಮಾತ್ರ ಎಲ್ಲವೂ ಹಾಳು.

ಬನ್ನಿ ಎಂದು ಕರೆದಿದ್ದೀರಿ. ನಾನು ಬರುವುದಿಲ್ಲ. ಇದು ಹಟವಲ್ಲ. ನಾನು ಒಳಗೆ ಕಾಲಿಟ್ಟರೆ ಅವರು ಚಾಕು ಕೆಳಗಿಟ್ಟು ನನ್ನ ಮುಖ ನೋಡುತ್ತಾರೆ. ನಾನು ಆಲೂಗಡ್ಡೆಯ ತುಂಡುಗಳನ್ನು ನೋಡುತ್ತೇನೆ. ನನ್ನ ಕಣ್ಣಿಗೆ ತಪ್ಪು ಮೊದಲು ಬೀಳುತ್ತದೆ. ಆ ಕಣ್ಣಿನಿಂದ ನೂರಾರು ಮಕ್ಕಳು ಸರಿಯಾಗಿ ಬರೆಯುವುದನ್ನು ಕಲಿತಿದ್ದಾರೆ, ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಆ ಅಡುಗೆಮನೆಗೆ ಅದು ಬೇಡ.

ಒಂದು ಕೆಲಸ ಮಾತ್ರ ನೀವು ಮಾಡಬೇಕು. ಬೆಂದ ಮೇಲೆ ಅವರಿಗೆ ತಿನ್ನಿಸಲು ಧಾವಿಸಬೇಡಿ. ಚಮಚವನ್ನು ಅವರ ಎಡಗೈಗೆ ಕೊಟ್ಟು, ನೀವು ಬಾಯಿ ತೆರೆಯಿರಿ. ಚೆಲ್ಲಿದರೆ ಚೆಲ್ಲಲಿ, ಒಗೆಯುವುದು ನಿಮ್ಮ ಕಸುಬೇ. ರುಚಿ ನೋಡಿ, ಅವರ ಮುಖ ನೋಡಿಕೊಂಡು, ಚೆನ್ನಾಗಿದೆ ಎಂದು ಹೇಳಿ. ಆ ಮಾತು ಹತ್ತೊಂಬತ್ತು ವರ್ಷ ನನ್ನ ಬಾಯಿಂದ ಹೊರಡಲಿಲ್ಲ. ಸ್ಟ್ಯೂ ಚೆನ್ನಾಗಿಯೇ ಇರುತ್ತಿತ್ತು. ಅವರ ಎಡಗೈಯ ಅಂದಾಜಿಗೆ ಉಪ್ಪು ಹೆಚ್ಚುಕಡಿಮೆಯಾಗಿದ್ದರೆ ನೀವು ಸುಳ್ಳು ಹೇಳಬೇಕೆಂದು ನಾನು ಸಲಹೆ ನೀಡಲಾರೆ. ಹಾಗಿದ್ದರೆ ಆಲೂಗಡ್ಡೆ ಚೆನ್ನಾಗಿ ಬೆಂದಿದೆ ಎನ್ನಿ. ಅದು ಬೆಂದೇ ಇರುತ್ತದೆ.

ಅವರಿಗೆ ಹಸಿವು ಹತ್ತಲಿ, ನಿಮಗೆ ತಾಳ್ಮೆ ಬರಲಿ.

ಇತಿ,
ಭಾನುವಾರಗಳಲ್ಲಿ ತಲೆಯೆತ್ತದವಳು